ನೀಲಕ್ಕನ ಎಣ್ಣೆ ಅರಿವೆ

ತಂತಿಗೆ ಹಚ್ಚುವ ಎಣ್ಣೆ ಮುಗಿದಿದೆ ಎಂದು ಎರಡು ಸಲ ಹೇಳಿದರೂ ನಮ್ಮ ಮಾಲೀಕ ತರಿಸಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಅಣ್ಣಿಗೇರಿಯ ಹತ್ತಿ ಗಿರಣಿಯಲ್ಲಿ ನಾನು ಹತ್ತಿಯನ್ನು ಪ್ರೆಸ್ಸಿನಲ್ಲಿ ಒತ್ತಿ ಬೇಲು, ಅಂದರೆ ದೊಡ್ಡ ಪಿಂಡಿ, ಕಟ್ಟುವವನು. ಬೇಲಿಗೆ ಬಿಗಿಯುವ ತಂತಿಯನ್ನು ಎಣ್ಣೆ ಅದ್ದಿದ ಅರಿವೆಯಿಂದ ಒರೆಸಿ ಕೊಡುವವಳು ನೀಲಕ್ಕ. ಹದಿನೆಂಟು ವರ್ಷದಲ್ಲಿ ಅವಳು ಕೊಟ್ಟ ತಂತಿ ಒಂದೂ ಸಿಕ್ಕಿಕೊಂಡಿರಲಿಲ್ಲ. ಎಣ್ಣೆ ಬರಲಿಲ್ಲವೆಂದು ಅಂದು ನಾನೇ ಮನೆಯಿಂದ ಕುಸುಬಿ ಎಣ್ಣೆ ತಂದು ತಂತಿಗಳಿಗೆಲ್ಲ ಸವರತೊಡಗಿದೆ.

“ಬ್ಯಾಡೋ ತಮ್ಮಾ, ಕುಸುಬಿ ಎಣ್ಣಿ ಒಣಗಿದ್ರ ಅಂಟ ಆಕ್ಕೈತಿ. ನಮ್ಮನಿ ಎಣ್ಣಿ ಡಬ್ಬಿ ಮುಚ್ಚಳಾ ಅಂಟಕೊಂಡು ಬಿಚ್ಚಾಕ ಬರಂಗಿಲ್ಲ” ಎಂದಳು ನೀಲಕ್ಕ.

“ನೀ ರೊಟ್ಟಿ ಬಡಿ ಹೋಗಬೇ, ತಂತಿ ನನಗ ಬಿಡು” ಎಂದು ಎಲ್ಲರೆದುರು ಒದರಿ, ಸವರಿ ಮುಗಿಸಿದೆ.

ಮರುದಿನ ತಂತಿ ಪ್ರೆಸ್ಸಿನ ಸಂದಿಯಲ್ಲಿ ಅಂಟಿ ನಿಂತಿತು. ಸಿಟ್ಟಿನಿಂದ ಜಗ್ಗಿದೆ. ಅದು ಹರಿದು, ತುದಿ ಪಕ್ಕದಲ್ಲಿ ನಿಂತಿದ್ದ ನೀಲಕ್ಕನ ಹುಬ್ಬಿಗೆ ಬಡಿದು ರಕ್ತ ಸುರಿಯಿತು.

“ಈ ಎಣ್ಣಿ ಯಾರು ಹಚ್ಚಿದ್ದು?” ಎಂದು ಮಾಲೀಕ ಕೇಳಿದ. ನಾನು ಹರಿದ ತಂತಿ ಸುತ್ತಿಡತೊಡಗಿದೆ. ಜಗಳಗಂಟನೆಂದು ನನ್ನನ್ನು ಕೆಲಸದಿಂದ ಬಿಡಿಸಲು ಅವನು ಕಾಯುತ್ತಿದ್ದುದು ನೀಲಕ್ಕನಿಗೆ ಗೊತ್ತಿತ್ತು.

“ನಾನ ಹಚ್ಚಿದ್ನಿರಿ” ಎಂದಳು, ಸೆರಗಿನಿಂದ ಹುಬ್ಬು ಒತ್ತಿಕೊಂಡು. ಅಂದೇ ಅವಳ ಕೆಲಸ ಹೋಯಿತು.

ಈಗಲೂ ನನ್ನನ್ನು ಕಂಡರೆ “ಚಾ ಕುಡದು ಹೋಗೋ” ಅನ್ನುತ್ತಾಳೆ. ಕುಡಿದು ಬರುತ್ತೇನೆ. ಎಣ್ಣೆ ಹಚ್ಚಿದವನು ನಾನು ಎಂದು ಮಾಲೀಕನಿಗೆ ಇನ್ನೂ ಹೇಳಿಲ್ಲ.