ಬಾಣಂತಿ ಕೋಣೆಗೆ ಬಂದ ಫ್ಯಾನು

ಮದ್ದೂರಿನ ಮಗಳ ಮನೆಗೆ ಬಂದಾಗಲೆಲ್ಲ ನನಗೊಂದು ಕೆಲಸ ಮೀಸಲು. ಅವಳ ಕಂಪ್ಯೂಟರಿನ ಮುಂದಿನ ಜಾಲರಿ ಬಿಚ್ಚಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಧೂಳು ತೆಗೆಯುವುದು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟ ನನ್ನ ಕೈಗೆ ಮಗಳು ಕಂಪ್ಯೂಟರು ಒಪ್ಪಿಸಿದ್ದಾಳೆ ಎಂದು ಊರಲ್ಲೆಲ್ಲ ಹೇಳಿಕೊಂಡಿದ್ದೇನೆ. ಬ್ರಶ್ಶಿನ ವಿಷಯ ಹೇಳಿಲ್ಲ. ಈವತ್ತು ಬೆಳಿಗ್ಗೆ ಧೂಳು ತೆಗೆದು ಜಾಲರಿ ಸಿಕ್ಕಿಸಿ ಸ್ವಿಚ್ಚು ಹಾಕಿದ್ದೆ. ಮೊಮ್ಮಗಳು ಅಂಬೆಗಾಲಿಟ್ಟು ಬಂದು, ಯಂತ್ರದ ಹಿಂದುಗಡೆ ಗಾಳಿ ಬರುವ ಕಡೆ ಮುಖ ಒಡ್ಡಿ ಕೂತಳು. ನೆತ್ತಿಯ ಮೇಲಿನ ನಾಲ್ಕು ಕೂದಲು ಎದ್ದು ಕುಣಿದವು. ಅವಳು ಕಣ್ಣು ಮುಚ್ಚಿ ನಕ್ಕಳು. ಆ ಕೂಸು ನಕ್ಕರೆ ನನಗೆ ಮೈಯೆಲ್ಲ ಬಾಯಿ. ಹಾಗಾಗಿ ಈ ಫ್ಯಾನಿನ ಕಥೆಯನ್ನು ನಿಮಗೆ ಹೇಳದೆ ಇರಲಾರೆ.

ಮಗಳು ಸವಿತಳಿಗೆ ಮದುವೆ ವಿಡಿಯೋ ಜೋಡಿಸುವ ಕೆಲಸ. ಸ್ಟುಡಿಯೋದವರು ಹಿಡಿದು ತಂದದ್ದರಲ್ಲಿ ಹೆಣ್ಣಿನ ಕಡೆಯವರ ಗೊಣಗಾಟ, ಬೀಗರ ಮುನಿಸು, ಊಟದ ಎಲೆಗೆ ನಡೆದ ನೂಕಾಟ ಎಲ್ಲವನ್ನೂ ಕತ್ತರಿಸಿ ಬಿಸಾಡಿ, ಲೋಕದಲ್ಲಿ ಎಲ್ಲರೂ ನಗುತ್ತಲೇ ಮದುವೆಯಾಗುತ್ತಾರೆ ಎನ್ನುವ ಹಾಗೆ ಮಾಡುತ್ತಾಳೆ. ಬಾಣಂತನಕ್ಕೆಂದು ಮಳವಳ್ಳಿಯ ನಮ್ಮ ಮನೆಗೆ ಬರುವಾಗ ತೊಟ್ಟಿಲಿಗಿಂತ ಮೊದಲು ಕಂಪ್ಯೂಟರು ಬಂದು ಇಳಿಯಿತು. ಲಗ್ನಗಳ ಕಾಲ. ಈಗ ಕೆಲಸ ನಿಲ್ಲಿಸಿದರೆ ಸ್ಟುಡಿಯೋದವರು ಬೇರೆಯವರನ್ನು ಹಿಡಿಯುತ್ತಾರೆ, ಆಮೇಲೆ ನನ್ನನ್ನು ಕರೆಯುವವರಿಲ್ಲ ಎಂದಳು. ಕೂಸು ಮಲಗಿದಾಗ ಮಾಡಿಕೊಳ್ಳುತ್ತೇನೆ ಎಂಬುದು ಅವಳ ಲೆಕ್ಕ.

ಬಾಣಂತಿ ಕೋಣೆ ನನ್ನ ರಾಜ್ಯ. ನಮ್ಮ ಕಡೆ ಬಾಣಂತಿಗೆ ಗಾಳಿ ಎಂದರೆ ಹಾವಿದ್ದ ಹಾಗೆ, ಎಲ್ಲಿಂದ ಹೊಕ್ಕು ಎಲ್ಲಿ ಕಚ್ಚುತ್ತದೋ ಗೊತ್ತಾಗುವುದಿಲ್ಲ. ಕಿಟಕಿ ಮುಚ್ಚಿ, ಸಂದಿಗೆ ನನ್ನ ಹಳೆಯ ಸೀರೆ ತುರುಕಿದೆ. ಸೀಲಿಂಗ್ ಫ್ಯಾನಿನ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಿದೆ. ಮಗಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಂಜೆಯಾದರೆ ಸಾಂಬ್ರಾಣಿ ಹೊಗೆ. ಇಷ್ಟು ಬಿಗಿ ಬಂದೋಬಸ್ತಿನ ನಡುವೆ ಆ ಕಂಪ್ಯೂಟರು, ಕೆಲಸಕ್ಕೆ ಹಚ್ಚಿದ ಸ್ವಲ್ಪ ಹೊತ್ತಿಗೇ, ಆಲೆಮನೆಯ ಎಂಜಿನ್ನಿನ ಹಾಗೆ ಹುಯಿಲಿಡತೊಡಗಿತು. ಕೂಸು ಬೆಚ್ಚಿ ಎದ್ದು ಅಳುತ್ತದೆ, ಮಗಳು ಕೆಲಸ ಬಿಟ್ಟು ಎತ್ತಿಕೊಳ್ಳುತ್ತಾಳೆ. ಮಲಗಿಸಿ ಕೂತರೆ ಯಂತ್ರ ಮತ್ತೆ ಕೂಗುತ್ತದೆ, ಕೂಸು ಮತ್ತೆ ಏಳುತ್ತದೆ. ಮಂಡ್ಯ ಜಿಲ್ಲೆಯ ಎಷ್ಟೋ ಮದುವೆಗಳು ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾಂಗಲ್ಯಧಾರಣೆಗೆ ಮುಂಚೆಯೇ ನಿಂತುಹೋಗಿದ್ದವು.

"ಅವ್ವ, ಇದ್ರಲ್ಲಿರೋ ಫ್ಯಾನು ಸಣ್ಣದು. ಬಿಸಿ ತಡೀನಾರ್ದೆ ಜೋರಾಗಿ ತಿರುಗ್ತದೆ, ಅದ್ಕೇ ಬೊಬ್ಬೆ. ದೊಡ್ಡದಾದ್ರೆ ನಿಧಾನುಕ್ಕೆ ತಿರುಗಿದ್ರೂ ಅಷ್ಟೇ ಗಾಳಿ ಕೊಡ್ತದೆ, ಸದ್ದೇ ಇರಾಕಿಲ್ಲ" ಎಂದಳು ಸವಿತ.

"ನಿಮ್ಮಪ್ಪಂಗೂ ಅಂತದೊಂದು ಸಿಕ್ತದಾ ಕೇಳವ್ವ" ಎಂದೆ.

"ಏನಮ್ಮಿ ಅದು, ನನ್ನೆಸ್ರು ಬತ್ತಾ ಅದೆ?" ಎಂದು ನಮ್ಮ ಯಜಮಾನರು ಜಗಲಿಯಿಂದಲೇ ಗುಡುಗಿದರು. ಕೂಸು ಎದ್ದಿತು.

ಮಗಳು ಹೊಸಿಲು ದಾಟುವಂತಿಲ್ಲ, ಅಳಿಯ ಬರುವುದು ಭಾನುವಾರ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಸವಿತ ಮಂಡ್ಯದ ಅಂಗಡಿಯೊಂದಕ್ಕೆ ಫೋನಿನಲ್ಲಿ ಎಲ್ಲ ಹೇಳಿಟ್ಟಳು. ನಾನೂ ಯಜಮಾನರೂ ಬಸ್ಸು ಹತ್ತಿದೆವು. ಅಂಗಡಿಯಾತ ಸಾಧು ಮನುಷ್ಯ. ಇಡ್ಲಿ ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿದಂಥ ಒಂದು ವಸ್ತು ತೋರಿಸಿ, ಇದು ಕಂಪ್ಯೂಟರಿನ ಮಿದುಳಿನ ಮೇಲೆ ಕೂರುತ್ತದೆ, ಬಿಸಿಯೆಲ್ಲ ಈ ತಗಡುಗಳಿಗೆ ಏರುತ್ತದೆ, ಪಕ್ಕದ ಫ್ಯಾನು ಅದನ್ನು ಊದಿ ಕಳಿಸುತ್ತದೆ ಎಂದ. ನೀರು ಹರಿಸಿ ತಣಿಸುವ ಇನ್ನೊಂದು ಜಾತಿಯೂ ಇದೆಯಂತೆ.

"ನೀರಿಂದು ಬ್ಯಾಡಪ್ಪ, ನಾಲೆ ನೀರಿಗೇ ಒಡೆದಾಡಿ ಸಾಕಾಗದೆ" ಎಂದುಬಿಟ್ಟರು ಯಜಮಾನರು.

ನಾವು ತೆಂಗಿನಕಾಯಿ ಅಲ್ಲಾಡಿಸದೆ, ಮಡಕೆ ತಟ್ಟದೆ ಕೊಂಡವರಲ್ಲ. ತಿರುಗಿಸಿ ತೋರಿಸು ಎಂದೆ. ಒಂದೊಂದನ್ನೇ ಕರೆಂಟಿಗೆ ಕೊಟ್ಟ. ಮೊದಲನೆಯದು ಸೊಳ್ಳೆಯಂತೆ ಗುಂಯ್ಗುಟ್ಟಿತು, ಎರಡನೆಯದು ಉಬ್ಬಸದವರಂತೆ ಏದಿತು. ಅಂಗೈಗಿಂತ ದೊಡ್ಡದಾದ ಮೂರನೆಯದಕ್ಕೆ ಕಿವಿ ಒತ್ತಿದರೂ ಏನೂ ಕೇಳಲಿಲ್ಲ.

"ಇದು ತಿರುಗ್ತಾನೇ ಇಲ್ವಲ್ಲಪ್ಪ?"

"ತಿರುಗ್ತಾ ಇದೆ ಕಣಮ್ಮ, ಸೆರಗು ಹಿಡಿದು ನೋಡಿ."

ಹಿಡಿದೆ. ಸೆರಗು ಹಾರಿ ಯಜಮಾನರ ಮುಖಕ್ಕೆ ಬಡಿಯಿತು. ಅವರಿಗೆ ಆಗಲೂ ಸಮಾಧಾನವಿಲ್ಲ. "ಸದ್ದೇ ಮಾಡ್ನಿಲ್ಲ ಅಂದ್ರೆ ಕೆಲ್ಸ ಮಾಡ್ತಾ ಅದೆ ಅಂತ ಎಂಗ್ಲಾ ನಂಬೋದು?" ಎಂದರು. ಅವರು ಮನೆಯಲ್ಲಿ ನನ್ನ ಕೆಲಸವನ್ನು ಅಳೆಯುವುದೂ ಇದೇ ಲೆಕ್ಕದಲ್ಲಿ. ನಾನು ಆ ಮೂರನೆಯ ಜಾತಿಯದನ್ನೇ ಕೊಡು ಎಂದೆ: ತಗಡಿನ ಪಕ್ಕಕ್ಕೊಂದು, ಪೆಟ್ಟಿಗೆಯ ಮುಂದಕ್ಕೊಂದು, ಹಿಂದಕ್ಕೊಂದು. ಕಟ್ಟಿಕೊಡುತ್ತಾ ಆತ, "ಮುಂದಿಂದು ತಣ್ಣನೆ ಗಾಳಿ ಒಳಕ್ಕೆ ಎಳೀಬೇಕು, ಹಿಂದಿಂದು ಬಿಸಿ ಗಾಳಿ ಹೊರಕ್ಕೆ ತಳ್ಳಬೇಕು. ದಾರಿ ಇಲ್ಲದಿದ್ರೆ ಎಷ್ಟು ಫ್ಯಾನ್ ಹಾಕಿದ್ರೂ ಅಷ್ಟೇ ಅಮ್ಮ" ಎಂದ. ಎಲ್ಲ ತಿಳಿದವಳಂತೆ ತಲೆಯಾಡಿಸಿ, ಆತನಿಗೆ ಮೊಮ್ಮಗಳ ಫೋಟೋ ತೋರಿಸಿದೆ. ಪಕ್ಕದಲ್ಲಿ ಕೀಬೋರ್ಡು ಕೊಳ್ಳಲು ಬಂದವರಿಗೂ ತೋರಿಸಿದೆ. ಪಾಪ, ಮೂಗು ಅಜ್ಜಿಯದೇ ಎಂದರು.

ಭಾನುವಾರ ಅಳಿಯ ಬಂದು, ಆ ಮಿದುಳಿನ ಮೇಲೆ ಬಿಸಿ ದಾಟಿಸುವ ಪೇಸ್ಟನ್ನು ಕಡಲೆಕಾಳಿನಷ್ಟು ಸವರಿ, ತಗಡಿನ ಗೋಪುರ ಕೂರಿಸಿ, ಫ್ಯಾನುಗಳನ್ನು ಬಿಗಿದ. ಸ್ವಿಚ್ಚು ಹಾಕಿದರೆ ಸದ್ದಿಲ್ಲ. ಗೋಡೆ ಗಡಿಯಾರ ಇಷ್ಟು ಜೋರಾಗಿ ನಡೆಯುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಕೂಸು ಮಲಗಿತು. ಮಗಳ ಪರದೆಯಲ್ಲಿ ಒಂದು ಜೋಡಿಗೆ ಕೊನೆಗೂ ತಾಳಿ ಬಿತ್ತು. ಊಟವಾಗಿ ಅಳಿಯ ಊರಿಗೆ ಹೊರಟ. ಬಿಸಿಲು ಏರಿತು. ಅಷ್ಟರಲ್ಲಿ ಕೋಣೆಯೊಳಗಿಂದ ಮತ್ತೆ ಅದೇ ಹುಯಿಲು, ಹಿಂದೆಯೇ ಕೂಸಿನ ಅಳು.

ಯಜಮಾನರು ಅಂಗಡಿಗೆ ಫೋನು ಹಚ್ಚಿದರು. "ಏನಪ್ಪಾ, ವಯಸ್ಸಾದೋರ್ಗೆ ಇಂಗಾ ಮೋಸ ಮಾಡೋದು? ನಿನ್ ಫ್ಯಾನೂ ಬಡ್ಕತಾ ಅದೆ."

ಸ್ಪೀಕರಿನಲ್ಲಿ ಆತನ ದನಿ ಕೇಳಿತು. "ಕಂಪ್ಯೂಟರ್ ಎಲ್ಲಿಟ್ಟಿದ್ದೀರಿ ಯಜಮಾನ್ರೇ?"

"ಬಾಣಂತಿ ರೂಮ್ನಾಗೆ."

"ಕಿಟಕಿ ತೆಗೆದಿದೆಯಾ?"

"ಬಾಣಂತಿ ರೂಮು ಅಂತ ಯೋಳ್ನಿಲ್ವಾ? ಮುಚ್ಚದೆ. ಸಂದೀಗೆ ಸೀರೇನೂ ತುರುಕವ್ಳೆ ನಮ್ಮೋಳು."

"ಆ ರೂಮಲ್ಲಿ ಮಿಷನ್ನು ಬಾಳಲ್ಲ ಯಜಮಾನ್ರೇ. ಒಳಗಡೆ ಮನುಷ್ಯರು ಹೆಂಗಿದ್ದಾರೆ?"

"ಬೆಂದೋಗವ್ಳೆ ಅಂತ ಯೋಳಪ್ಪ" ಎಂದಳು ಸವಿತ ಬಾಗಿಲ ಹಿಂದಿನಿಂದ.

ನಾನು ಒಳಗೆ ಹೋದೆ. ಸ್ಕಾರ್ಫಿನ ಕೆಳಗೆ ಅವಳ ಕೂದಲು ಹಣೆಗೆ ಅಂಟಿತ್ತು. ಕೂಸಿನ ಕತ್ತಿನ ಮಡಿಕೆಯಲ್ಲಿ ಕೆಂಪಗೆ ಬೆವರುಸಾಲೆ. ದಿನಾ ಎಣ್ಣೆ ಹಚ್ಚುವಾಗ ಕಂಡಿದ್ದೇ, ಉಷ್ಣ ಅಂದುಕೊಂಡಿದ್ದೆ.

"ನಂಗೊಂದು ಫ್ಯಾನಿಲ್ಲ, ಅದ್ಕೆ ಮೂರು" ಎಂದಳು ಮಗಳು. "ನಿನ್ನೊಟ್ಟೇಲಿ ಕಂಪ್ಯೂಟ್ರಾಗಿ ಉಟ್ಬೇಕಿತ್ತು ಕಣವ್ವ."

ನನ್ನ ತವರು ಕೊಕ್ಕರೆ ಬೆಳ್ಳೂರು. ಅಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ಟುವ ಕೊಕ್ಕರೆಗಳನ್ನು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತೇವೆ. ಸವಿತ ಹುಟ್ಟಿದಾಗ ನಾನೂ ಅವೂ ಒಟ್ಟಿಗೇ ಬಾಣಂತಿಯರು. ಅವು ಮರದ ತುದಿಯಲ್ಲಿ ಗಾಳಿಗೆ ತೂಗುತ್ತಾ ಕೊಕ್ಕು ಬಡಿಯುತ್ತಿದ್ದವು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಕತ್ತಲಲ್ಲಿ ಬಿದ್ದಿದ್ದೆ. ಮಧ್ಯಾಹ್ನ ನಮ್ಮವ್ವ ತೂಕಡಿಸುವುದನ್ನೇ ಕಾದಿದ್ದು, ನೆಲಕ್ಕೆ ಮಲಗಿ, ಬಾಗಿಲ ಕೆಳಗಿನ ಸಂದಿಗೆ ಮೂಗು ಇಡುತ್ತಿದ್ದೆ. ಒಂದೆಳೆ ಗಾಳಿ ಬರುತ್ತಿತ್ತು. ಹೋಳಿಗೆ ಕದ್ದು ತಿಂದಷ್ಟು ಸುಖ. ಇದನ್ನು ನಾನು ಹೇಗೆ ಮರೆತಿದ್ದೆನೋ ಕಾಣೆ.

ಸಂದಿಯ ಸೀರೆ ಹಿಡಿದು ಎಳೆದೆ. ಚೆನ್ನಾಗಿಯೇ ತುರುಕಿದ್ದೆ, ಸುಲಭಕ್ಕೆ ಬರಲಿಲ್ಲ. ಕಿಟಕಿ ತೆಗೆದಾಗ ಹಿತ್ತಿಲ ನುಗ್ಗೆ ಮರದ ಕಡೆಯಿಂದ ಗಾಳಿ ಬಂತು. ಸವಿತ ಸ್ಕಾರ್ಫು ಬಿಚ್ಚಿ, ಕಿವಿಯ ಹತ್ತಿ ತೆಗೆದು ನನ್ನ ಅಂಗೈಗೆ ಹಾಕಿದಳು. ಯಾರಿಗೂ ಏನೂ ಆಗಲಿಲ್ಲ. ಕೂಸು ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿ ನಿದ್ದೆ ಹೋಯಿತು. ಯಂತ್ರವೂ ಗೊಣಗುತ್ತಾ ಗೊಣಗುತ್ತಾ ಸುಮ್ಮನಾಯಿತು. ಆ ಲಗ್ನದ ಕಾಲ ಮುಗಿಯುವುದರೊಳಗೆ ನಿಂತಿದ್ದ ಮದುವೆಗಳೆಲ್ಲ ಆದವು. ಸ್ಟುಡಿಯೋದವರು ಈಗಲೂ ಮಗಳನ್ನೇ ಕರೆಯುತ್ತಾರೆ. ಇನ್ನು ಸದ್ದು ಮಾಡುವುದಕ್ಕೆ ಮನೆಯಲ್ಲಿ ಉಳಿದವರು ಯಜಮಾನರೊಬ್ಬರೇ. ಅವರಿಗೆ ದೊಡ್ಡ ಫ್ಯಾನು ಎಲ್ಲೂ ಸಿಕ್ಕಿಲ್ಲ.

ಈವತ್ತು ಜಾಲರಿ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಮಗಳ ಪಕ್ಕದ ಮನೆಯಾಕೆ ಬಂದು ಕರೆದರು. ಅವರ ಮಗಳು ಹಸಿ ಬಾಣಂತಿ. ನೀವು ಹಿರಿಯರು, ಪಥ್ಯ ಗಿಥ್ಯ ಹೇಳಿಕೊಡಿ ಎಂದರು. ಹೋದೆ. ಬಾಗಿಲು ತೆರೆದರೆ ಮುಖಕ್ಕೆ ಒಲೆಯ ಬಿಸಿ ಹೊಡೆದಂತಾಯಿತು. ಆ ಹುಡುಗಿ ಚಾಪೆಯ ಮೇಲೆ ಬೆವರಿ ಕೂತಿದ್ದಳು. ಎಲ್ಲರೂ ನನ್ನ ಬಾಯಿಂದ ಮೆಣಸು ಎಷ್ಟು, ಬೆಳ್ಳುಳ್ಳಿ ಎಷ್ಟು ಎಂಬುದು ಬರಲೆಂದು ಕಾಯುತ್ತಿದ್ದರು.

"ಮೆಣಸಿನ್ ಮಾತು ಆಮೇಕೆ" ಎಂದೆ. "ಮೊದ್ಲು ಆ ಕಿಟ್ಕಿ ತಗೀರವ್ವ."

ಪಕ್ಕದ ಮನೆಯಾಕೆ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು, ಮನೆ ಮಾರಿ ಎಂದೆನೇನೋ ಎಂಬಂತೆ. ಯಾರೂ ಕದಲಲಿಲ್ಲ. ನಾನೇ ಎದ್ದು ಅಗುಳಿ ಸರಿಸಿದೆ. ಬಾಣಂತಿ ಹುಡುಗಿ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು, ಚಾಪೆಯನ್ನು ಒಂದು ಗೇಣು, ಮತ್ತೊಂದು ಗೇಣು, ಕಿಟಕಿಯ ಕಡೆಗೆ ಎಳೆದುಕೊಂಡಳು.