ಇಪ್ಪತ್ತನಾಲ್ಕನೇ ನಂಬರಿನ ಹುಡುಗಿ

ರೊಂಡಾ ಪಿಕೆಟ್‌ಳ ಕಣ್ಣು ತಪ್ಪುವುದಿಲ್ಲ ಎಂಬ ಮಾತು ದಕ್ಷಿಣ ಇಂಡಿಯಾನಾದ ಹೈಸ್ಕೂಲು ಜಿಮ್‌ಗಳಲ್ಲೆಲ್ಲ ಓಡಾಡುತ್ತಿತ್ತು. ಆ ಮಾತನ್ನು ಹುಟ್ಟಿಸಿದವಳೂ ಬಹುಮಟ್ಟಿಗೆ ರೊಂಡಾಳೇ. ಚಿಕ್ಕದೊಂದು ಕಾಲೇಜಿನ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಅವಳು. ಚಳಿಗಾಲ ಪೂರ್ತಿ ಊರೂರು ಅಲೆದು, ಪಾಪ್‌ಕಾರ್ನನ್ನೇ ರಾತ್ರಿಯೂಟ ಮಾಡಿಕೊಂಡು, ಗಾರ್ಡ್ ಆಡುವ ಹುಡುಗಿಯರನ್ನು ಹುಡುಕುವುದು ಅವಳ ಕೆಲಸ. ಎತ್ತರದವರನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಚೆಂಡು ತಂದು ಆಟ ಕಟ್ಟುವ ಗಾರ್ಡನ್ನು ಗುರುತಿಸುವುದಕ್ಕೆ ಕಣ್ಣು ಬೇಕು ಅನ್ನುತ್ತಿದ್ದಳು. ತಾನೂ ಒಂದು ಕಾಲದಲ್ಲಿ ಗಾರ್ಡ್ ಆಗಿದ್ದವಳಲ್ಲವೇ, ಹೇಳಿಕೊಳ್ಳಲಿ ಬಿಡಿ.

ಆದರೆ ಹಿಂದಿನ ಎರಡು ವರ್ಷ ಅವಳ ಗ್ರಹಚಾರ ನೆಟ್ಟಗಿರಲಿಲ್ಲ. ಆರಿಸಿ ತಂದವರಲ್ಲಿ ಒಬ್ಬಳು ಮನೆ ನೆನಪಾಗಿ ಓಡಿಹೋದಳು, ಇನ್ನೊಬ್ಬಳು ಮೊಣಕಾಲು ಮುರಿದುಕೊಂಡಳು. ಈ ಸಲ ಗಾರ್ಡಿಗೆ ಉಳಿದದ್ದು ಫೀಸಿಲ್ಲದ ಒಂದೇ ಸೀಟು. ಹೊಸದಾಗಿ ಬಂದ ಮುಖ್ಯ ಕೋಚ್ ನಗುನಗುತ್ತಲೇ, “ಇದೂ ಕೈಕೊಟ್ರೆ ಮುಂದಿನ್ ವರ್ಷದಿಂದ ನಾನೇ ಹುಡುಕ್ತೀನಿ ರೊಂಡಾ, ನೀವು ಬಸ್ಸು, ಬಟ್ಟೆಬರೆ ನೋಡ್ಕೊಳಿ” ಅಂದಿದ್ದಳು. ಆ ನಗುವನ್ನು ರೊಂಡಾ ಮರೆತಿರಲಿಲ್ಲ.

ಆಮೇಲೆ ಆ ಹುಡುಗಿ ಕಣ್ಣಿಗೆ ಬಿದ್ದಳು. ಹಿಮ ಬಿದ್ದು ರಸ್ತೆ ಕಟ್ಟಿದ್ದರಿಂದ ಅವತ್ತು ರೊಂಡಾ ಜಿಮ್ ಮುಟ್ಟುವ ಹೊತ್ತಿಗೆ ಅರ್ಧ ಆಟ ಮುಗಿದಿತ್ತು. ಮೈಕ್ ಕೆಟ್ಟು, ಆಡುವವರ ಹೆಸರು ಕೂಗುವುದೂ ನಿಂತಿತ್ತು. ಮೇಲಿನ ಸಾಲಿನಲ್ಲಿ ಕೂತು ನೋಡುತ್ತಾಳೆ, ಇಪ್ಪತ್ತನಾಲ್ಕನೇ ನಂಬರಿನವಳು ಎಡಗೈಯಲ್ಲಿ ಚೆಂಡು ಪುಟಿಸುತ್ತ ಮೂವರ ನಡುವೆ ನುಸುಳಿ, ತಲೆಯೆತ್ತದೆ ಗೆಳತಿಗೆ ದಾಟಿಸಿದಳು. ರೊಂಡಾಳಿಗೆ ಮೈ ಜುಮ್ಮೆಂದಿತು. ಬಾಗಿಲಲ್ಲಿ ಕೊಟ್ಟ ಹಾಳೆಯಲ್ಲಿ ಇಪ್ಪತ್ತನಾಲ್ಕರ ಎದುರು ಮೇಸಿ ಫ್ಲೆಕ್ ಎಂದಿತ್ತು. ಆ ಶಾಲೆಯ ಕೋಚ್ ಎದುರಾಳಿ ಕಾಲೇಜಿನ ಕೋಚಿಗೆ ಭಾವಮೈದುನ. ಅವನ ಕಿವಿಗೆ ಬಿದ್ದರೆ ಹಕ್ಕಿ ಹಾರಿತು ಎಂದು, ಅವನಿಗೆ ಸುಳಿವೇ ಕೊಡದೆ ನೇರವಾಗಿ ಹುಡುಗಿಯ ತಾಯಿಗೆ ಫೋನು ಮಾಡಿದಳು. ತಾಯಿ “ನಮ್ ಮೇಸೀನಾ?” ಎಂದು ಎರಡೆರಡು ಸಲ ಕೇಳಿದಳು. ರೊಂಡಾ ಅದನ್ನು ಸಂತೋಷ ಎಂದುಕೊಂಡಳು.

ಹಾಗೆ ಮಾರ್ಚ್ ತಿಂಗಳ ಒಂದು ಸಂಜೆ ಅವಳು ಫ್ಲೆಕ್ ಮನೆಯವರ ಊಟದ ಮೇಜಿನ ಮುಂದೆ ಕೂತಿದ್ದಳು. ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ, ನೂಡಲ್ಸು ಸುರಿದ ತಟ್ಟೆ. ತಾಯಿ ಪ್ಯಾಟಿ ಕಾಲೇಜಿನ ನೇರಳೆ ಬಣ್ಣದ ಹೊಸ ಸ್ವೆಟರ್ ತೊಟ್ಟಿದ್ದಳು, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ತಂದೆ ವೆಂಡೆಲ್ ಮರದ ಕಪಾಟು ಮಾಡುವ ಕಾರ್ಖಾನೆಯ ಕೆಲಸಗಾರ, ಮಾತು ಕಡಿಮೆ. ಮೇಸಿ ಅವರಿಬ್ಬರ ನಡುವೆ ಕೂತಿದ್ದಳು.

“ಕೋಚ್, ತಪ್ ತಿಳೀಬೇಡಿ,” ಎಂದ ವೆಂಡೆಲ್. “ಏನ್ ನೋಡಿದ್ರಿ ನಮ್ ಹುಡುಗೀಲಿ? ಗೆದ್ದಾಯ್ತು ಅಂದ್ಮೇಲೆ ಕೊನೇಲಿ ಒಂಚೂರು ಆಟಕ್ಕೆ ಇಳಿಸ್ತಾರೆ ಇವ್ಳನ್ನ. ಅವತ್ತು ನನಗೆ ಶಿಫ್ಟು, ಬರಕ್ಕಾಗ್ಲಿಲ್ಲ.”

“ಇವ್ಳೋ, ಬಾಯೇ ಬಿಡಲ್ಲ,” ಎಂದಳು ಪ್ಯಾಟಿ. “ಹಿಮ ಅಂತ ಅವತ್ತು ನಾನೂ ಹೋಗಿರ್ಲಿಲ್ಲ. ಮನೇಗ್ ಬಂದು ‘ಗೆದ್ವಿ’ ಅಂದ್ಲು, ಮಲಗಿದ್ಲು. ಎಂಥ ಹುಡುಗಿ ಕಣೇ ನೀನು.”

ರೊಂಡಾ ಹುರುಪಿನಿಂದ ಹೇಳತೊಡಗಿದಳು. ಆ ಎಡಗೈ, ಮೂವರ ನಡುವಿನ ಆ ದಾರಿ, ನೋಡದೆ ಕೊಟ್ಟ ಆ ಚೆಂಡು. ಕೇಳುತ್ತ ಕೇಳುತ್ತ ಪ್ಯಾಟಿಯ ಕಣ್ಣು ತುಂಬಿತು. ಮೇಸಿ ಮಾತ್ರ ಫೋರ್ಕನ್ನು ಮೆಲ್ಲಗೆ ತಟ್ಟೆಯ ಪಕ್ಕ ಇಟ್ಟಳು. ಬಲಗೈಯಿಂದ. ತಿನ್ನುವುದು ಬಲಗೈ, ಆಡುವುದು ಎಡಗೈ ಇರಬಹುದು ಎಂದು ರೊಂಡಾ ಸಮಾಧಾನ ಮಾಡಿಕೊಂಡಳು. ಆದರೂ ಏನೋ ಕಸಿವಿಸಿ.

“ಪುಡಿಂಗ್ ಬರೋ ಅಷ್ಟ್ರಲ್ಲಿ ಹೊರಗೆ ಎರಡು ಚೆಂಡು ಹಾಕ್ತೀಯಾ?” ಎಂದು ಕೇಳಿದಳು.

ಗ್ಯಾರೇಜಿನ ನೆತ್ತಿಗೆ ಹೊಡೆದ ರಿಂಗಿನ ಕೆಳಗೆ ಮೇಸಿ ಚೆಂಡು ಪುಟಿಸಿದಳು. ಬಲಗೈ. ಎಡಕ್ಕೆ ತಿರುಗು ಎಂದರೆ ಚೆಂಡು ಅವಳ ಕಾಲಿಗೇ ಬಡಿದು ಹುಲ್ಲಿಗೆ ಉರುಳಿತು. ರೊಂಡಾಳಿಗೆ ತಲೆಬುಡ ತಿಳಿಯಲಿಲ್ಲ. ಭಯವೇ? ಕೈಗೆ ಪೆಟ್ಟಾಗಿದೆಯೇ? ಅದೇ ಎತ್ತರ, ಅದೇ ಜಡೆ. ಆದರೆ ಅವತ್ತು ತಂಡದವರೆಲ್ಲ ಒಂದೇ ಥರ ಜಡೆ ಹಾಕಿದ್ದರು ಎಂಬುದು ಈಗ ನೆನಪಾಯಿತು. ಅವಳು ಕಣ್ಣುಜ್ಜಿಕೊಂಡಳು.

“ಅದು ನಾನಲ್ಲ, ಕೋಚ್,” ಎಂದಳು ಮೇಸಿ. “ಡೆಲೇನಿ ರಾಂಕ್ ಅಂತ. ಅರ್ಧ ಆಟಕ್ಕೆ ಮುಂಚೆ ಮೂಗಿಗೆ ಮೊಣಕೈ ತಗಲಿ ಅವ್ಳ ಅಂಗಿಯೆಲ್ಲ ರಕ್ತ ಆಯ್ತು. ರಕ್ತ ಆದ ಅಂಗೀಲಿ ಆಡೋಕೆ ಬಿಡಲ್ವಲ್ಲ. ಬೇರೆ ಅಂಗಿ ತಂದಿರ್ಲಿಲ್ಲ, ನನ್ನ ಇಪ್ಪತ್ತನಾಲ್ಕನ್ನೇ ಬಿಚ್ಚಿಕೊಟ್ಟೆ. ನಾನು ಜಾಕೆಟ್ ಹಾಕ್ಕೊಂಡು ಬೆಂಚಲ್ಲಿದ್ದೆ.”

ರೊಂಡಾ ಅವಳತ್ತ ತಿರುಗಿದಳು. “ಮತ್ತೆ ಫೋನ್ ಬಂದಾಗ್ಲೇ ಯಾಕಮ್ಮ ಹೇಳ್ಲಿಲ್ಲ?”

“ಅಮ್ಮ ಫೋನಿಟ್ಟು ಅಪ್ಪನ್ನ ತಬ್ಕೊಂಡ್ಳು. ಅವ್ರಿಬ್ರು ಹಾಗ್ ಮಾಡಿದ್ದು ನಾನು ಕಂಡೇ ಇಲ್ಲ.” ಅವಳು ಚೆಂಡನ್ನು ಎತ್ತಿ ಹೊಟ್ಟೆಗೆ ಒತ್ತಿಕೊಂಡಳು. “ಆಮೇಲೆ ನನಗೂ ಒಂದು ಆಸೆ. ಬೇರೆ ಯಾವ್ದೋ ಆಟದಲ್ಲಿ ನನ್ನನ್ನೇ ನೋಡಿರಬಹುದು ಅಂತ. ಎಡಗೈ ಅಂದ್ರಲ್ಲ, ಅಲ್ಲೀವರೆಗೂ ನಂಬ್ಕೊಂಡಿದ್ದೆ.”

ರೊಂಡಾಳಿಗೆ ತನ್ನ ಮೇಲೆ ಸಿಟ್ಟು ಬಂತು, ಹುಡುಗಿಯನ್ನು ಕಂಡು ಕರುಳು ಚುರ್ರೆಂದಿತು. ಅಷ್ಟರ ನಡುವೆಯೂ ಡೆಲೇನಿಯ ಮನೆ ಎಲ್ಲಿ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು, ಅದಕ್ಕೆ ನಾಚಿಕೆಯೂ ಆಯಿತು. ಯಾವುದು ಮೊದಲು, ಯಾವುದು ಆಮೇಲೆ, ಒಂದೂ ತೋಚಲಿಲ್ಲ.

“ಚರ್ಚ್ ದಾಟಿದ್ರೆ ಅವ್ರ ಮನೆ,” ಎಂದಳು ಮೇಸಿ, ಕೇಳಿಸಿಕೊಂಡವಳಂತೆ. “ಅವ್ಳನ್ನ ಕೇಳೋಕೆ ನಾಳೆ ಇನ್ನೊಂದ್ ಕಾಲೇಜಿನವ್ರು ಬರ್ತಾರಂತೆ. ನಾನೇ ಕರ್ಕೊಂಡ್ ಹೋಗ್ತೀನಿ, ಅವ್ರ ನಾಯಿ ಕಚ್ಚತ್ತೆ. ಆದ್ರೆ ಪುಡಿಂಗ್ ತಿಂದ್ಬಿಡಿ. ಅಮ್ಮ ಬೆಳಿಗ್ಗೆಯಿಂದ ಅದರ ಹಿಂದೇನೇ ಇದಾಳೆ.”

ಒಳಗೆ ಪ್ಯಾಟಿ ಪರ್ಸಿಮನ್ ಹಣ್ಣಿನ ಪುಡಿಂಗನ್ನು ತುಂಡು ಮಾಡುತ್ತಿದ್ದಳು. “ಹೇಗಾಡಿದ್ಲು?” ಎಂದಳು ತಲೆಯೆತ್ತದೆ. ರೊಂಡಾ ಉತ್ತರಿಸುವ ಮೊದಲೇ ಮೇಸಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು, ರಕ್ತ, ಅಂಗಿ, ಬೆಂಚು, ಈಗ ಡೆಲೇನಿಯ ಮನೆಗೆ ಹೊರಟಿರುವುದು, ಒಂದೂ ಬಿಡದೆ. ವೆಂಡೆಲ್ ತಟ್ಟೆ ನೋಡುತ್ತ, “ಡೆಲೇನಿ ಒಳ್ಳೇ ಹುಡುಗಿ,” ಎಂದ.

ಪ್ಯಾಟಿಯ ಕೈಯಲ್ಲಿ ಚಾಕು ಹಾಗೇ ನಿಂತಿತ್ತು. “ಹಾಗಾದ್ರೆ ನಮ್ ಮೇಸೀನ ನೀವು ಅವತ್ತು ನೋಡೇ ಇಲ್ವಾ?”

ರೊಂಡಾ ನೆನಪು ಕೆದಕಿದಳು. ಬೆಂಚು ಇತ್ತು. ಬೆಂಚಿನಲ್ಲಿ ಹುಡುಗಿಯರಿದ್ದರು. ಕುತ್ತಿಗೆಯವರೆಗೂ ಜಾಕೆಟ್ ಎಳೆದುಕೊಂಡ ಒಬ್ಬಳು ಇದ್ದಿರಲೇಬೇಕು. ಎಷ್ಟು ಹುಡುಕಿದರೂ ಆ ಮುಖ ಸಿಗಲಿಲ್ಲ.

“ಇಲ್ಲ,” ಎಂದಳು.

“ಸರಿ. ಇವತ್ತು ನೋಡಿದ್ರಲ್ಲ,” ಎಂದು ಪ್ಯಾಟಿ ಪುಡಿಂಗಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದಳು. “ತಿನ್ನಿ. ಅಷ್ಟ್ರಲ್ಲಿ ಅವ್ಳು ಶೂ ಹಾಕ್ಕೊಳ್ಲಿ, ದಾರಿ ತೋರಿಸ್ತಾಳೆ.”