ಫೋಟೋದ ಬೆನ್ನು

ಹೋದ ಮಂಗಳವಾರ ಮೊಮ್ಮಗಳ ಸೈಕಲ್ ಪಂಕ್ಚರ್ ಆಗಿ, ನಾಗಪುರದ ಧರಮಪೇಠದ ಸೈಕಲ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಸವರಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಹೆಗಲ ಚೀಲದ ಮೇಲೆ ಹೋಯಿತು. ನಲವತ್ತು ವರ್ಷದ ಹಿಂದೆ ನಮ್ಮ ಆಫೀಸಿನ ತುಂಬ ಇದೇ ವಾಸನೆ. ಜಾಹೀರಾತಿನ ಅಕ್ಷರ, ಚಿತ್ರ ಎಲ್ಲವನ್ನೂ ಬ್ಲೇಡಿನಿಂದ ಕತ್ತರಿಸಿ ಸೊಲ್ಯೂಷನ್ ಹಚ್ಚಿ ಕಾಗದಕ್ಕೆ ಅಂಟಿಸುತ್ತಿದ್ದೆವು. ಆಫೀಸಿನ ಒಡತಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅವರು ತೀರಿಕೊಂಡು ಈ ಮಂಗಳವಾರಕ್ಕೆ ಎರಡು ದಿನವಾಗಿತ್ತು. ಅವರ ತಮ್ಮನ ಮಗಳು ಕೊಟ್ಟ ಲಕೋಟೆ ನನ್ನ ಚೀಲದಲ್ಲಿತ್ತು. "ಪೇಪರಿಗೆ ಕೊಡೂ ಶ್ರದ್ಧಾಂಜಲಿ ನೀವೇ ಮಾಡ್ಬೇಕಂತ ಅತ್ತಿ ಹೇಳಿಟ್ಟಾರ್ರಿ" ಎಂದಿದ್ದಳು. ತೆರೆಯಲು ಧೈರ್ಯ ಬಂದಿರಲಿಲ್ಲ. ನನ್ನ ಕೈಯಲ್ಲಿ ಒಂದು ಶ್ರದ್ಧಾಂಜಲಿ ಹಿಂದೊಮ್ಮೆ ಕೆಟ್ಟಿತ್ತು…

ಅಕ್ಕಾರು ಧಾರವಾಡದ ಕಡೆಯವರು. ತಂದೆಗೆ ರೈಲ್ವೆಯಲ್ಲಿ ವರ್ಗವಾಗಿ ನಾಗಪುರಕ್ಕೆ ಬಂದರು. ನಿವೃತ್ತಿಯಾದ ಮೇಲೆ ತಂದೆ ಊರಿಗೆ ಹೊರಟರೆ ಇವರು ಹೊರಡಲಿಲ್ಲ. ಸಿನಿಮಾ ಥಿಯೇಟರಿನ ಸ್ಲೈಡುಗಳಿಗೆ ಅಕ್ಷರ ಬರೆಯುವುದರಿಂದ ಶುರು ಮಾಡಿ, ಅಂಗಡಿಗಳ ಗೋಡೆ, ಕೋರಾಡಿಗೆ ಹೋಗುವ ಬಸ್ಸಿನ ಹಿಂಭಾಗ, ಪತ್ರಿಕೆ, ರೇಡಿಯೊ ಎಲ್ಲ ಆಯಿತು. ಅರವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು, ಎಂಬತ್ತರಲ್ಲೂ ಫೋನಿನಲ್ಲಿ ಬರುವ ಜಾಹೀರಾತುಗಳಿಗೆ ತಪ್ಪು ತೆಗೆಯುತ್ತಿದ್ದರು. ಮದುವೆಯ ಮಾತೆತ್ತಿದವರಿಗೆ ಒಂದೇ ಉತ್ತರ: "ಆ ಮಾಲಿನ ಜಾಹೀರಾತು ನಾ ಮಾಡೂದಿಲ್ರಿ." ನಗುತ್ತಲೇ ಹೇಳುತ್ತಿದ್ದರು. ಕೆಲಸದಲ್ಲಿ ಮಾತ್ರ ನಗು ಕಡಿಮೆ. ಅವರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆವು.

ನಾನು ಹುಬ್ಬಳ್ಳಿಯಿಂದ ಮದುವೆಯಾಗಿ ಬಂದವಳು, ಗಂಡನಿಗೆ ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆನೆಂಬ ಒಂದೇ ಬಲದ ಮೇಲೆ ಅಕ್ಕಾರು ನನ್ನನ್ನು ಸೇರಿಸಿಕೊಂಡಿದ್ದರು. ಮನೆಯಲ್ಲಿ ನಮ್ಮತ್ತೆ, ನಾನು ಯಾವತ್ತು ಎಡವುತ್ತೇನೋ, 'ಹೇಳಿದ್ದಿಲ್ಲೇನು?' ಎನ್ನಲು ಯಾವತ್ತು ಸಿಗುತ್ತದೋ ಎಂದು ಕಾಯುತ್ತಿದ್ದರು.

ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಜನ ತರುವ ಫೋಟೋದ ಮುಖದ ಮೇಲೆ ಗೀಟು ಎಳೆಯುವಂತಿಲ್ಲ. ಗುಂಪಿನ ಫೋಟೋ ಆದರೆ, ಬೇಕಾದವರ ಗುರುತನ್ನು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಹಾಕಬೇಕು. ನಾವು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಗುರುತು ಯಾರ ಮೇಲೆ ಬೀಳುತ್ತದೆಂದು ಕಾಣುತ್ತದೆ.

ಅವತ್ತು ಅಕ್ಕಾರು ನೇಕಾರರ ಸಂಘದ ಕೆಲಸಕ್ಕೆ ಕಾಮಠಿಗೆ ಹೋಗಿದ್ದರು. ಮಧ್ಯಾಹ್ನ ಒಬ್ಬರು ಶ್ರದ್ಧಾಂಜಲಿ ಕೊಡಲು ಬಂದರು. ತೀರಿಕೊಂಡವರು ಅವರ ತಂದೆ. ಅಣ್ಣ ಹೋದ ಸುದ್ದಿ ಕೇಳಿ ತಂದೆಯ ತಮ್ಮ, ಅವರ ಕಾಕಾ, ಎದೆ ಹಿಡಿದುಕೊಂಡು ಬಿದ್ದವರು ಆಸ್ಪತ್ರೆಯಲ್ಲಿದ್ದಾರೆ ಎಂದೂ ಹೇಳಿದರು. ಮದುವೆಯೊಂದರ ಫೋಟೋ. ಸಾಲಾಗಿ ಐದು ಗಂಡಸರು, ಐವರಿಗೂ ಫೇಟಾ, ಐವರಿಗೂ ಮೀಸೆ. ಬೆನ್ನಿನಲ್ಲಿ ಗುರುತು ಎಡದಿಂದ ಎರಡನೆಯ ಜಾಗದಲ್ಲಿತ್ತು. ನನಗೆ ಅವಸರ. ಬೆಳಕಿಗೆ ಹಿಡಿಯದೆ ಫೋಟೋ ತಿರುವಿ, ಎಡದಿಂದ ಎರಡನೆಯವರನ್ನು ಆರಿಸಿಬಿಟ್ಟೆ. ತಿರುವಿದರೆ ಎಡ ಬಲವಾಗುತ್ತದೆ ಎನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಆರಕ್ಕೆ ಅಕ್ಕಾರು ಬಂದರು. ಜಾಹೀರಾತು ಆಗಲೇ ಪ್ರೆಸ್ಸಿಗೆ ಹೋಗಿತ್ತು. ನನ್ನ ಮೇಜಿನ ಮೇಲಿದ್ದ ಫೋಟೋವನ್ನು ಎತ್ತಿ ಕಿಟಕಿಗೆ ಹಿಡಿದರು, ಜಾಹೀರಾತಿನ ನಮ್ಮ ಪ್ರತಿಯನ್ನು ನೋಡಿದರು, ಮತ್ತೆ ಕಿಟಕಿಗೆ ಹಿಡಿದರು.

"ತಂಗಿ, ಇವರು ಯಾರು?"

ಎದ್ದು ನೋಡಿದೆ, ಬೆಳಕಿನಲ್ಲಿ ಗುರುತು ಬೇರೆಯವರ ಮೇಲಿತ್ತು. ನಾನು ಆರಿಸಿದ್ದು ಕಾಕಾರ ಮುಖ ಎಂದು, ಆ ಮನೆಯವರನ್ನು ಬಲ್ಲ ಅಕ್ಕಾರೇ ಹೇಳಿದರು. ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಯಾರಾದರೂ ಅವರ ಕೈಗೆ ಪೇಪರ್ ಕೊಟ್ಟರೆ?

ಪ್ರೆಸ್ಸಿಗೆ ಫೋನ್ ಮಾಡಿದರೆ ಎಂಗೇಜ್, ಮತ್ತೆ ಮಾಡಿದರೂ ಎಂಗೇಜ್. ಏಳಕ್ಕೆ ಪುಟ ಅಚ್ಚಿನ ಪ್ಲೇಟಿಗಾಗಿ ಕ್ಯಾಮೆರಾಕ್ಕೆ ಹೋಗುತ್ತದೆ, ಆಮೇಲೆ ಬ್ರಹ್ಮ ಬಂದರೂ ತಿದ್ದಲಾಗುವುದಿಲ್ಲ. "ಚಲೋ, ಜಲ್ದಿ ಕೂಡು" ಎಂದು ಸ್ಕೂಟರ್ ಚಾಲೂ ಮಾಡಿದರು. ಬರ್ಡಿ ಬಜಾರಿನ ಗದ್ದಲದಲ್ಲಿ ಸಿಕ್ಕಿಕೊಂಡೆವು. ಮುಂದೆ ಒಂದು ಮದುವೆ ಮೆರವಣಿಗೆ, ಬ್ಯಾಂಡು, ಕುದುರೆ. ಅಕ್ಕಾರು ಹಾರ್ನ್ ಒತ್ತುತ್ತ ಸಂದಿ ಹುಡುಕುತ್ತಿದ್ದರು, ನನಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಿಂದೆ ಕೂತು ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಪ್ರೆಸ್ಸಿನಲ್ಲಿ ಪುಟವನ್ನು ಆಗಲೇ ಎತ್ತಿಕೊಂಡು ಹೊರಟಿದ್ದರು. ಪುಟದ ಮೇಲ್ವಿಚಾರಕರು ಕೈಯಾಡಿಸಿದರು. "ಆತಾ ಕಾಹೀ ಹೋಣಾರ್ ನಾಹೀ, ಮ್ಯಾಡಮ್." ಈಗ ಏನೂ ಆಗುವುದಿಲ್ಲವಂತೆ. ಅಕ್ಕಾರು ವಾದ ಮಾಡಲಿಲ್ಲ. ಬಾಗಿಲಿಗೆ ಅಡ್ಡ ನಿಂತರು, ಪರ್ಸಿನಿಂದ ಬ್ಲೇಡು ತೆಗೆದರು. ಮೇಲ್ವಿಚಾರಕರು ಬೇಡ ಬೇಡ ಎನ್ನುತ್ತಿದ್ದಂತೆಯೇ ಕಾಕಾರ ಮುಖವನ್ನು ಪುಟದಿಂದ ಎಬ್ಬಿಸಿದರು. ಸರಿಯಾದ ಮುಖ ಅಂಟಿಸಲು ನಮ್ಮಲ್ಲಿ ಅಳತೆಗೆ ಮಾಡಿಸಿದ ಪ್ರಿಂಟಿರಲಿಲ್ಲ. ಖಾಲಿ ಚೌಕವನ್ನು ಒಂದು ಕ್ಷಣ ನೋಡಿ, ಪೆನ್ನಿನಿಂದ ಅಲ್ಲೇ ಒಂದು ದೀಪ ಬರೆದರು. ಒಂದೇ ಎಳೆತಕ್ಕೆ ಮೂಡಿತು. ಅಷ್ಟು ಚಂದದ ದೀಪವನ್ನು ನಾನು ಮತ್ತೆ ನೋಡಿಲ್ಲ.

ಮರುದಿನ ಆ ಮಗ ಪೇಪರ್ ಹಿಡಿದು ಬಂದು, ಅಪ್ಪನ ಫೋಟೋ ಎಲ್ಲಿ ಎಂದು ಮರಾಠಿಯಲ್ಲಿ ಕೂಗಾಡಿದರು. ನಾನು ಎದ್ದು ನಿಂತೆ. ಅಕ್ಕಾರು ನನ್ನತ್ತ ನೋಡದೆಯೇ ಕೂರು ಎಂದು ಕೈ ಮಾಡಿದರು. ತಪ್ಪು ತಮ್ಮದೇ ಎಂದು ಕೈಮುಗಿದು, ಅದರ ಮರುದಿನ ಫೋಟೋ ಸಮೇತ ಹಾಕಿಸಿದರು. ಆ ಮನೆಯವರು ಮಾತ್ರ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಕಾಕಾ ಹುಷಾರಾಗಿ ಮನೆಗೆ ಹೋದರೆಂದು ಆಮೇಲೆ ಕೇಳಿದೆವು.

ಅವತ್ತು ಆ ಮಗ ಹೋದ ಮೇಲೆ ನಾನು ಅಳುತ್ತಿದ್ದೆ. "ತಪ್ಪು ಆಫೀಸಿಂದು, ಆಫೀಸು ನಂದು. ಬರೋಬರ್ ಐತಿಲ್ಲ?" ಎಂದರು ಅಕ್ಕಾರು. ಫೋಟೋವನ್ನು ನನ್ನ ಕೈಗಿಟ್ಟು, "ಇನ್ನ ಮ್ಯಾಲೆ ಎಣಿಸಬ್ಯಾಡ. ಬೆಳಕಿಗೆ ಹಿಡಿ."

ಆಮೇಲೆ ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ದುಡಿದೆ. ಆ ಸಂಜೆಯ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ, ಮರೆತೇಬಿಟ್ಟಿದ್ದಾರೆ ಅಂದುಕೊಂಡಿದ್ದೆ…

ಸೈಕಲ್ ರಿಪೇರಿಯಾಯಿತು. ಮನೆಗೆ ಬಂದು ಲಕೋಟೆ ಒಡೆದೆ. ಒಳಗೆ ನಮ್ಮ ಆಫೀಸಿನ ಹಳೆಯ ಗುಂಪಿನ ಫೋಟೋ, ಸಾಲಾಗಿ ಐವರು. ಎಡದಿಂದ ಎರಡನೆಯವಳು ನಾನು, ಬಲದಿಂದ ಎರಡನೆಯವರು ಅಕ್ಕಾರು. ಬೆನ್ನು ತಿರುವಿದೆ. ಎಡದಿಂದ ಎರಡನೆಯ ಜಾಗದಲ್ಲಿ ಪೆನ್ಸಿಲ್ ಗುರುತು. ಹಿಂದಿನಂತೆ ಎಣಿಸಿದ್ದರೆ ಶ್ರದ್ಧಾಂಜಲಿಯಲ್ಲಿ ನನ್ನದೇ ಮುಖ ಬರುತ್ತಿತ್ತು. ಗುರುತಿನ ಕೆಳಗೆ ಮುಪ್ಪಿನ ನಡುಗು ಅಕ್ಷರದಲ್ಲಿ ಒಂದೇ ಮಾತು: "ಎಣಿಸಬ್ಯಾಡ."

ನಗು ಬಂತು, ಹಿಂದೆಯೇ ಅಳು ಬಂತು. ಕಿಟಕಿಯ ಬೆಳಕಿಗೆ ಹಿಡಿದೆ. ಗುರುತು ಅಕ್ಕಾರ ಮೇಲೆಯೇ ಬಿತ್ತು. ತೋಳು ನೋಯುವ ತನಕ ಹಾಗೇ ಹಿಡಿದುಕೊಂಡಿದ್ದೆ. ಕೆಳಗಿಳಿಸಿದರೆ ಶ್ರದ್ಧಾಂಜಲಿಗಾಗಿ ಅವರನ್ನು ನಮ್ಮ ಸಾಲಿನಿಂದ ಕತ್ತರಿಸಬೇಕಾಗಿತ್ತು.